ಹೋಲ್ಡ್ ಬಟನ್ ಬಿಟ್ಟರೆ ಒಳ್ಳೆಯ ಥರ್ಮೋಸ್ಟಾಟ್

ಡಲ್ಲಾಸ್‌ನ ನಮ್ಮ ಮನೆಯ ಹೀಟ್ ಪಂಪ್‌ಗೆ (ಬಿಸಿ, ತಂಪು ಎರಡನ್ನೂ ಕೊಡುವ ಯಂತ್ರ) ವೈಫೈ ಇಲ್ಲದ ಸಾದಾ ಥರ್ಮೋಸ್ಟಾಟ್, ಅಂದರೆ ಮನೆಯ ಉಷ್ಣತೆ ನಿಯಂತ್ರಿಸುವ ಸಾಧನ, ತಂದೆವು. ವಾರದ 7 ದಿನಕ್ಕೂ ಬೇರೆ ಬೇರೆ ಪ್ರೋಗ್ರಾಂ ಹಾಕಬಹುದು. ದಿನಕ್ಕೆ 4 ಹೊತ್ತು: ಎದ್ದಾಗ, ಹೊರಟಾಗ, ವಾಪಸ್ ಬಂದಾಗ, ಮಲಗುವಾಗ. ಚಳಿಗಾಲಕ್ಕೆ ಹಗಲು 68 ಡಿಗ್ರಿ ಫ್ಯಾರನ್‌ಹೀಟ್, ರಾತ್ರಿ 64 ಇಟ್ಟಿದ್ದೇನೆ. ಅತ್ತೆಗೆ ಮಾತ್ರ 72 ಬೇಕು. ಅವರು 72 ಮಾಡಿ ಹೋಲ್ಡ್ ಒತ್ತುತ್ತಾರೆ. ಹೋಲ್ಡ್ ಒತ್ತಿದರೆ ಮುಗಿಯಿತು, ಅದನ್ನು ತೆಗೆಯುವವರೆಗೂ ಪ್ರೋಗ್ರಾಂ ನಡೆಯುವುದಿಲ್ಲ. ಸ್ಕ್ರೀನ್ ಮೇಲೆ ಅದನ್ನು ತೋರಿಸುವ ಅಕ್ಷರವೋ, ಸಾಸಿವೆ ಕಾಳಿನಷ್ಟು!

ಹಾಕಿದ ದಿನ ಕೂಲ್ ಒತ್ತಿದರೆ ಬಿಸಿ ಗಾಳಿ ಬಂತು. ನಿಮಗೂ ಹಾಗಾದರೆ, ಕೆಟ್ಟಿದೆ ಅಂತ ಅಂಗಡಿಗೆ ಓಡಬೇಡಿ. ಹೀಟ್ ಪಂಪ್‌ನಲ್ಲಿ ಬಿಸಿಯಿಂದ ತಂಪಿಗೆ, ತಂಪಿನಿಂದ ಬಿಸಿಗೆ ಬದಲಿಸುವ ರಿವರ್ಸಿಂಗ್ ವಾಲ್ವ್ ಇರುತ್ತದೆ. ಅದಕ್ಕೆ ತಕ್ಕಂತೆ ಸೆಟಪ್ ಮೆನುವಿನಲ್ಲಿ 'ಓ' (ತಂಪು ಮಾಡುವಾಗ ವಾಲ್ವ್ ಆನ್) ಅಥವಾ 'ಬಿ' (ಬಿಸಿ ಮಾಡುವಾಗ ವಾಲ್ವ್ ಆನ್) ಆರಿಸಬೇಕು. ನಮ್ಮದಕ್ಕೆ 'ಓ' ಹಾಕಿದ ಮೇಲೆ ತಣ್ಣಗಿನ ಗಾಳಿ ಬಂತು. ಇಷ್ಟು ಮುಖ್ಯವಾದ ವಿಷಯವನ್ನು ಮ್ಯಾನ್ಯುಯಲ್‌ನ ಕೊನೇ ಪುಟದಲ್ಲಿ ಬಚ್ಚಿಡೋದಾ?

ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಕಂಪ್ರೆಸರ್ ಸುಮಾರು 5 ನಿಮಿಷ ತಡವಾಗಿ ಶುರುವಾಗುತ್ತದೆ. ಅದು ಕಂಪ್ರೆಸರ್ ಹಾಳಾಗದಿರಲಿ ಅಂತ ಇರುವ ಏರ್ಪಾಡು. ಸುಮ್ನೆ ಬಟನ್ ಒತ್ತುತ್ತಾ ನಿಲ್ಲಬೇಡಿ. ಸಿ ವೈರ್ (ಥರ್ಮೋಸ್ಟಾಟ್‌ಗೆ ಸದಾ ಕರೆಂಟ್ ಕೊಡುವ ತಂತಿ) ಇಲ್ಲದ ಹಳೇ ಮನೆಯಲ್ಲೂ ಈ ಥರ್ಮೋಸ್ಟಾಟ್ 2 ಎಎ ಬ್ಯಾಟರಿ ಮೇಲೆ ನಡೆಯುತ್ತದೆ. ಬಾಡಿಗೆ ಮನೆಯವರಿಗೆ ಅದೇ ಜಾಸ್ತಿ ಅನುಕೂಲ, ಅಲ್ವಾ?