ದನಿ ತಗ್ಗಿಸಿದ ರಾಬರ್ಟ್ ಪ್ಲಾಂಟ್: ‘ರೇಝಿಂಗ್ ಸ್ಯಾಂಡ್’ ಕೊಳ್ಳಬಹುದೇ?

ಧಾರಾಳವಾಗಿ ಕೊಳ್ಳಬಹುದು. ಆದರೆ ಎಪ್ಪತ್ತರ ದಶಕದ ಇಂಗ್ಲಿಷ್ ರಾಕ್ ತಂಡ ಲೆಡ್ ಜೆಪ್ಲಿನ್‌ನ ಹಳೆಯ ಆರ್ಭಟ ಇನ್ನೊಮ್ಮೆ ಕಿವಿಗೆ ಬೀಳುತ್ತದೆ ಎಂಬ ಆಸೆಯಿಂದ ಕೊಂಡರೆ ದುಡ್ಡು ದಂಡ. 2007ರ ಅಕ್ಟೋಬರ್‌ನಲ್ಲಿ ರೌಂಡರ್ ರೆಕಾರ್ಡ್ಸ್ ಹೊರತಂದ ಈ ಆಲ್ಬಂನಲ್ಲಿ 13 ಹಾಡುಗಳಿವೆ. ಎಲ್ಲ ಸೇರಿ 57 ನಿಮಿಷ. ಹಾಡಿದವರು ಇಬ್ಬರು. ಒಬ್ಬರು ಲೆಡ್ ಜೆಪ್ಲಿನ್‌ನ ರಾಬರ್ಟ್ ಪ್ಲಾಂಟ್. ಆಗ ಅವರಿಗೆ 59 ವರ್ಷ. ಇನ್ನೊಬ್ಬರು ಅಮೆರಿಕದ ಇಲಿನಾಯ್ ರಾಜ್ಯದಲ್ಲಿ ಬೆಳೆದ, ಬ್ಲೂಗ್ರಾಸ್ (ಬ್ಯಾಂಜೊ, ಪಿಟೀಲುಗಳ ಅಮೆರಿಕದ ಹಳ್ಳಿಗಾಡಿನ ಸಂಗೀತ) ಗಾಯಕಿ, ಪಿಟೀಲು ವಾದಕಿ ಆಲಿಸನ್ ಕ್ರೌಸ್; ಅವರಿಗೆ 36. ಹಾಡುಗಳನ್ನು ಆರಿಸಿ, ವಾದ್ಯದವರನ್ನು ಕೂಡಿಸಿ, ಎಲ್ಲವನ್ನೂ ಒಂದು ಹದಕ್ಕೆ ತಂದವರು ನಿರ್ಮಾಪಕ ಟಿ ಬೋನ್ ಬರ್ನೆಟ್.

ನನ್ನದು ಶಿವಮೊಗ್ಗದಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ ಕಸುಬು. ಮದುವೆಯ ಆರ್ಕೆಸ್ಟ್ರಾ, ಗಣಪತಿ ಪೆಂಡಾಲು, ತಾಳಮದ್ದಲೆ, ರಾಜಕೀಯ ಸಭೆ, ಕರೆದಲ್ಲಿಗೆ ಹೋಗುತ್ತೇನೆ. ವೇದಿಕೆ ಹತ್ತಿದ ಗಾಯಕರಲ್ಲಿ ಹೆಚ್ಚಿನವರು ‘ಹಲೋ, ಹಲೋ’ ಆದ ಮೇಲೆ ಆಡುವ ಮೊದಲ ಮಾತು ‘ಎಕೋ ಸ್ವಲ್ಪ ಜಾಸ್ತಿ ಕೊಡಿ’ ಎಂಬುದು. ಎಕೋ ಏರಿದಷ್ಟೂ ಶ್ರುತಿ ಜಾರಿದ್ದು ಮುಚ್ಚಿಹೋಗುತ್ತದೆ, ಉಸಿರು ಸಾಲದ್ದು ಗೊತ್ತಾಗುವುದಿಲ್ಲ. ಇದನ್ನೇ ನೋಡುತ್ತ ತಲೆ ನರೆತಿರುವುದರಿಂದ ಯಾರ ಹಾಡು ಕೇಳಿದರೂ ದನಿ ಮೈಕಿಗೆ ಎಷ್ಟು ಹತ್ತಿರವಿದೆ, ಅದರ ಮೇಲೆ ಏನೇನು ಬಳಿದಿದ್ದಾರೆ ಎಂದೇ ನನ್ನ ಕಿವಿ ಹುಡುಕುತ್ತದೆ. ಈ ಆಲ್ಬಂನಲ್ಲಿ ಗುಂಯ್‌ಗುಡುವುದೆಲ್ಲ ಗಿಟಾರುಗಳ ಪಾಲು. ಇಬ್ಬರ ದನಿಯೂ ಕೈಗೆ ಸಿಗುವಷ್ಟು ಹತ್ತಿರದಲ್ಲಿದೆ. ಪ್ಲಾಂಟ್ ಸಾಲಿನ ಕೊನೆಯಲ್ಲಿ ಉಸಿರು ಬಿಡುವುದು ಕೂಡ ಕೇಳಿಸುತ್ತದೆ. ಅರವತ್ತರ ಹೊಸ್ತಿಲಲ್ಲಿ ನಿಂತ ರಾಕ್ ಗಾಯಕ ಇದಕ್ಕೆ ಒಪ್ಪಿದ್ದೇ ನನಗೆ ದೊಡ್ಡದಾಗಿ ಕಂಡಿತು.

ಇದು ಯಾವ ಜಾತಿಯ ಸಂಗೀತ ಎಂಬ ಜಗಳ ನನ್ನ ಅಂಗಡಿಯಲ್ಲಿ ಇನ್ನೂ ಮುಗಿದಿಲ್ಲ. ಕಂಟ್ರಿ ಎಂದರೆ ಅಮೆರಿಕದ ಹಳ್ಳಿಗಾಡಿನಿಂದ ಬಂದ ಜನಪ್ರಿಯ ಹಾಡು; ಕಂಟ್ರಿ, ಫೋಕ್, ಬ್ಲೂಸ್ ಎಲ್ಲ ಬೆರೆತದ್ದಕ್ಕೆ ಅಮೆರಿಕಾನಾ ಎನ್ನುತ್ತಾರೆ. ಬ್ಯಾಂಕಿನಿಂದ ನಿವೃತ್ತನಾದ ಗೆಳೆಯನೊಬ್ಬ ಜೆಪ್ಲಿನ್‌ನ ಕಟ್ಟಾ ಭಕ್ತ. ಅವನ ತೀರ್ಪು ಚಿಕ್ಕದು: “ಗಂಟಲು ಹೋಯಿತು, ಅದಕ್ಕೇ ಕಂಟ್ರಿ ಹಾಡಲು ಹೋದ.” ಬೆಂಗಳೂರಿನಲ್ಲಿ ಓದುವ ನನ್ನ ಅಕ್ಕನ ಮಗ ರಜೆಗೆ ಬಂದಾಗ ಇದನ್ನು ಕೇಳಿ ಕೆರಳಿದ. “ಮಾವ, ನೀವಾದರೂ ಅವರಿಗೆ ಹೇಳಿ, ಇದು ಕಂಟ್ರಿ ಅಲ್ಲ, ಅಮೆರಿಕಾನಾ.” ಗೆಳೆಯ ಚಹಾ ಲೋಟ ಕೆಳಗಿಟ್ಟ. “ಕಂಟ್ರಿಯನ್ನೇ ಕಾಲೇಜು ಓದಿದವರು ಕೇಳಿದರೆ ಅಮೆರಿಕಾನಾ ಆಗುತ್ತದೆ ಕಣಪ್ಪ.”

ಇವರಿಬ್ಬರನ್ನು ಬಿಡಿ, ಅಮೆರಿಕದ ಸಂಗೀತ ಪ್ರಶಸ್ತಿ ಗ್ರ್ಯಾಮಿ ಕೊಡುವವರಿಗೇ ಇದನ್ನು ಎಲ್ಲಿ ಕೂರಿಸಬೇಕೆಂದು ಬಗೆಹರಿಯಲಿಲ್ಲ. 2008ರಲ್ಲಿ ಈ ಆಲ್ಬಂನ ‘ಗಾನ್ ಗಾನ್ ಗಾನ್’ ಹಾಡಿಗೆ ಪಾಪ್ ವಿಭಾಗದ ಜೋಡಿಗಾಯನ ಪ್ರಶಸ್ತಿ ಬಂತು. ಮರುವರ್ಷ ‘ರಿಚ್ ವುಮನ್’ಗೆ ಮತ್ತೆ ಅದೇ ಪಾಪ್ ಪ್ರಶಸ್ತಿ, ‘ಕಿಲ್ಲಿಂಗ್ ದ ಬ್ಲೂಸ್’ಗೆ ಕಂಟ್ರಿ ಪ್ರಶಸ್ತಿ, ಇಡೀ ಆಲ್ಬಂಗೆ ಫೋಕ್ ಮತ್ತು ಅಮೆರಿಕಾನಾ ವಿಭಾಗದ ಪ್ರಶಸ್ತಿ. ಇವುಗಳ ಮೇಲೆ ವರ್ಷದ ಆಲ್ಬಂ, ವರ್ಷದ ರೆಕಾರ್ಡ್ ಎಂಬ ಎರಡು ದೊಡ್ಡ ಪದಕಗಳು. ಅದೇ ಇಬ್ಬರು ಗಾಯಕರು, ಅದೇ ವಾದ್ಯವೃಂದ, ಅದೇ ನಿರ್ಮಾಪಕ. ಒಂದು ಹಾಡು ಪಾಪ್, ಇನ್ನೊಂದು ಕಂಟ್ರಿ, ಒಟ್ಟಿಗೆ ಇಟ್ಟರೆ ಫೋಕ್! ಶಿಶುನಾಳ ಶರೀಫರ ತತ್ವಪದಗಳನ್ನು ಸಿ. ಅಶ್ವತ್ಥ್ ಹಾಡಿದ ಮೇಲೆ ನಮ್ಮ ಕ್ಯಾಸೆಟ್ ಅಂಗಡಿಗಳು ಅವನ್ನು ಭಾವಗೀತೆಗಳ ಸಾಲಿನಲ್ಲಿಟ್ಟು ಮಾರಿದವು. ಅಲ್ಲಿ ಬದಲಾದದ್ದು ಕಪಾಟು, ಇಲ್ಲಿಯೂ ಅಷ್ಟೇ.

ಹಾಡುಗಳ ಮೂಲ ಹುಡುಕಿದರೆ ಜಗಳ ಇನ್ನಷ್ಟು ಹದಗೆಡುತ್ತದೆ. ‘ಗಾನ್ ಗಾನ್ ಗಾನ್’ ಎವರ್ಲಿ ಸಹೋದರರದು. ‘ಫಾರ್ಚೂನ್ ಟೆಲ್ಲರ್’ ನ್ಯೂ ಆರ್ಲಿಯನ್ಸ್‌ನ ಆಲನ್ ಟೂಸಾಂಟ್ ಬರೆದದ್ದು. ಅರುವತ್ತರ ದಶಕದ ಇಂಗ್ಲಿಷ್ ಬ್ಯಾಂಡುಗಳಿಗೆ ಅದು ಬಾಯಿಪಾಠವಾಗಿತ್ತು. ಎರಡು ಹಾಡುಗಳು ಬರ್ಡ್ಸ್ ತಂಡದಲ್ಲಿದ್ದ ಜೀನ್ ಕ್ಲಾರ್ಕ್ ಅವರವು, ಒಂದು ಟಾಮ್ ವೇಟ್ಸ್ ದಂಪತಿಯದು, ಕೊನೆಯದು ಉತ್ತರ ಕೆರೊಲಿನಾದ ಡಾಕ್ ವಾಟ್ಸನ್ ಮತ್ತು ಅವರ ಹೆಂಡತಿ ರೋಸಾ ಲೀ ಕಟ್ಟಿದ್ದು. ಮೂರನೆಯ ಹಾಡಿನ ಹೆಸರಿನಲ್ಲಿರುವ ಸಿಸ್ಟರ್ ರೊಸೆಟಾ ಥಾರ್ಪ್ ಇಗರ್ಜಿಯ ಗಾಸ್ಪೆಲ್ ಹಾಡುಗಳನ್ನು ಎಲೆಕ್ಟ್ರಿಕ್ ಗಿಟಾರ್ ಹಿಡಿದು ಹಾಡುತ್ತಿದ್ದ ಹೆಣ್ಣುಮಗಳು. ರಾಕ್ ಎಂಬ ಹೆಸರು ಬಳಕೆಗೆ ಬರುವ ಮೊದಲೇ ಆಕೆ ಆ ಕೆಲಸ ಮಾಡಿಯಾಗಿತ್ತು. ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್ ಆಕೆಯನ್ನು ಒಳಗೆ ಸೇರಿಸಿಕೊಂಡದ್ದು 2018ರಲ್ಲಿ. ‘ಶುದ್ಧ ರಾಕ್’ ಎಂದು ಮೀಸೆ ತಿರುವುವವರು ಇದನ್ನು ಸ್ವಲ್ಪ ಯೋಚಿಸಬೇಕು.

ಗೆಳೆಯನ ಸಿಟ್ಟಿಗೆ ನಿಜವಾದ ಕಾರಣ ಬೇರೆಯೇ ಇದೆ. 2007ರ ಡಿಸೆಂಬರ್ 10ರಂದು ಲಂಡನ್ನಿನ ಓ2 ಅರೀನಾದಲ್ಲಿ ಜೆಪ್ಲಿನ್ ಮತ್ತೆ ಒಂದಾಗಿ ಒಂದು ರಾತ್ರಿ ನುಡಿಸಿತು. ಇನ್ನೇನು ಜಗತ್ತಿನ ಪ್ರವಾಸ ಹೊರಡುತ್ತಾರೆ ಎಂದು ಭಕ್ತರು ಕಾದರು. ಪ್ಲಾಂಟ್ 2008ರಲ್ಲಿ ಹೊರಟದ್ದೇನೋ ನಿಜ, ಆದರೆ ಕ್ರೌಸ್ ಮತ್ತು ಬರ್ನೆಟ್ ಜೊತೆಗೆ! ಜೆಪ್ಲಿನ್ ತಂಡದ ಗಿಟಾರ್ ವಾದಕ ಜಿಮ್ಮಿ ಪೇಜ್ ಗಿಟಾರ್ ಹಿಡಿದು ಮನೆಯಲ್ಲೇ ಉಳಿದರು. ಈ ಪೆಟ್ಟನ್ನು ಕೆಲವರು ಇನ್ನೂ ಮರೆತಿಲ್ಲ. ಹಾಗಾಗಿ ಆಲ್ಬಂ ಮೇಲಿನ ಅರ್ಧ ದೂರು ಆಲ್ಬಂಗೆ ಸೇರಿದ್ದಲ್ಲ.

ಇನ್ನು ಹಾಡುಗಳಿಗೆ ಬರೋಣ. ‘ರಿಚ್ ವುಮನ್’ ಶುರುವಾದ ಕೂಡಲೇ ತಳದಲ್ಲಿ ಡಬಲ್ ಬಾಸ್ ಮತ್ತು ಡ್ರಮ್ ಒಂದಕ್ಕೊಂದು ಅಂಟಿಕೊಂಡು ನಡೆಯುತ್ತವೆ. ಅವುಗಳ ಮೇಲೆ ಗಿಟಾರ್ ನಡುಗುತ್ತದೆ. ಬಾಸ್ ಡೆನ್ನಿಸ್ ಕ್ರೌಚ್ ಅವರದು, ಡ್ರಮ್ ಜೇ ಬೆಲರೋಸ್ ಅವರದು. ಬೆಲರೋಸ್ ಹಳೆಯ ಕಾಲದ ದೊಡ್ಡ ಡ್ರಮ್‌ಗಳನ್ನು ಇಷ್ಟಪಡುವ ಮನುಷ್ಯ. ಇಲ್ಲಿ ಸಿಂಬಲ್‌ನ ಝಣಝಣ ಕಡಿಮೆ, ತೊಗಲಿನ ಸದ್ದೇ ಜಾಸ್ತಿ. ಇಬ್ಬರೂ ಒಟ್ಟಿಗೇ ಬಾಯಿ ತೆರೆಯುತ್ತಾರೆ, ಒಟ್ಟಿಗೇ ಮುಚ್ಚುತ್ತಾರೆ. ಪ್ಲಾಂಟ್ ಮುಖ್ಯ ಗಾಯಕ, ಕ್ರೌಸ್ ಹಿಂದೆ ದನಿಗೂಡಿಸುವವರು ಎಂದು ಹೇಳುವಂತಿಲ್ಲ. ನನ್ನ ಕಸುಬಿನವರಿಗೆ ಇದರ ಕಷ್ಟ ಗೊತ್ತು: ಎರಡು ಮೈಕು ಸಮಸಮ ಇಟ್ಟರೆ ಯಾರಾದರೊಬ್ಬರು ‘ನನ್ನದು ಕೇಳಿಸುತ್ತಿಲ್ಲ’ ಎಂದು ಕೈಸನ್ನೆ ಮಾಡಿಯೇ ಮಾಡುತ್ತಾರೆ.

ಜೆಪ್ಲಿನ್ ಕಾಲದಲ್ಲಿ ಪ್ಲಾಂಟ್ ಒಂದೇ ಸಾಲನ್ನು ಎರಡು ಸಲ ಒಂದೇ ರೀತಿ ಹಾಡಿದವರಲ್ಲ. ಮನಸ್ಸು ಬಂದ ಕಡೆ ಏರುವುದು, ಹೊರಳುವುದು, ಕೂಗುವುದು. ಬ್ಲೂಗ್ರಾಸ್‌ನ ಜೊತೆದನಿಯಲ್ಲಿ ಅದು ನಡೆಯುವುದಿಲ್ಲ. ಒಬ್ಬರು ಷಡ್ಜದ ಮೇಲೆ ನಿಂತಾಗ ಇನ್ನೊಬ್ಬರು ಗಾಂಧಾರದ ಮೇಲೆ ನಿಂತಿದ್ದರೆ, ಒಬ್ಬರು ಕದಲಿದರೂ ಎರಡೂ ಕೆಡುತ್ತವೆ. ಈ ಶಿಸ್ತನ್ನು ಪ್ಲಾಂಟ್ ಆ ವಯಸ್ಸಿನಲ್ಲಿ, ತನಗಿಂತ 23 ವರ್ಷ ಚಿಕ್ಕವಳಾದ ಗಾಯಕಿಯ ಪಕ್ಕದಲ್ಲಿ ನಿಂತು ರೂಢಿಸಿಕೊಂಡರು. ಗಂಟಲು ಹೋಯಿತು ಎನ್ನುವವರು ಕೂಗು ನಿಂತದ್ದನ್ನು ಮಾತ್ರ ಗಮನಿಸಿದ್ದಾರೆ.

ಇದಕ್ಕೆ ಸಾಕ್ಷಿ ‘ಪ್ಲೀಸ್ ರೀಡ್ ದ ಲೆಟರ್’. ಈ ಹಾಡು 1998ರಲ್ಲಿ ಪೇಜ್ ಮತ್ತು ಪ್ಲಾಂಟ್ ಒಟ್ಟಿಗೆ ಮಾಡಿದ ‘ವಾಕಿಂಗ್ ಇಂಟು ಕ್ಲಾರ್ಕ್ಸ್‌ಡೇಲ್’ ಆಲ್ಬಂನಲ್ಲೇ ಇದೆ. ಎರಡನ್ನೂ ಬೆನ್ನುಬೆನ್ನಿಗೆ ಹಾಕಿ ಕೇಳಿ. ಹಳೆಯದರಲ್ಲಿ ಗಿಟಾರ್ ಮುಂದೆ, ಗಾಯಕ ಅದರೊಡನೆ ಪೈಪೋಟಿಗೆ ಬಿದ್ದಿದ್ದಾರೆ. ಕಾಗದ ಬರೆದವನ ಸಂಕಟ ಸದ್ದಿನಲ್ಲಿ ಕೊಚ್ಚಿಹೋಗುತ್ತದೆ. ಹೊಸದರಲ್ಲಿ ನಡೆ ನಿಧಾನ. ಡ್ರಮ್ ಎಳೆದು ಎಳೆದು ಬೀಳುತ್ತದೆ, ಕ್ರೌಸ್ ಮೇಲಿನ ಸ್ವರದಲ್ಲಿ ಜೊತೆಯಾಗುತ್ತಾರೆ, ಆಮೇಲೆ ಅವರದೇ ಪಿಟೀಲು. ಕಾಗದ ಓದಬೇಕಾದವಳು ಕೂಡ ಅದೇ ಕೋಣೆಯಲ್ಲಿ ನಿಂತು ಹಾಡುತ್ತಿದ್ದಾಳೆ ಎನಿಸಿಬಿಡುತ್ತದೆ. ವರ್ಷದ ರೆಕಾರ್ಡ್ ಪ್ರಶಸ್ತಿ ಬಂದದ್ದು ಈ ಹಾಡಿಗೆ. ಪೇಜ್ ಕೂಡ ಇದರ ರಚನಕಾರರಲ್ಲಿ ಒಬ್ಬರು ಎಂದು ಗೆಳೆಯನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ.

ಅವನು ಒಪ್ಪಿಕೊಂಡ ಹಾಡು ಒಂದೇ: ‘ನಥಿಂಗ್’. ಗಿಟಾರ್ ಒಡೆದ ದನಿಯಲ್ಲಿ ಅಬ್ಬರಿಸುತ್ತದೆ, ಚರಣ ಬಂದಾಗ ತಗ್ಗುತ್ತದೆ, ಪಿಟೀಲು ಒರಟಾಗಿ ಗೀರುತ್ತದೆ. ಪ್ಲಾಂಟ್ ಮಾತ್ರ ದನಿ ಏರಿಸದೆ, ಹೆದರಿಸುವಷ್ಟು ತಣ್ಣಗೆ ಹಾಡುತ್ತಾರೆ. “ಇದು ನೋಡು ರಾಕ್” ಎಂದು ಗೆಳೆಯ ತೊಡೆ ತಟ್ಟಿದ. ಟೆಕ್ಸಾಸಿನ ಟೌನ್ಸ್ ವ್ಯಾನ್ ಝಾಂಟ್ ಇದನ್ನು 1971ರಲ್ಲಿ ಒಂದು ಮರದ ಗಿಟಾರ್ ಹಿಡಿದು ಹಾಡಿದ್ದರು. ಅಂಗಡಿಯವರು ಅವರನ್ನು ಇಡುವುದು ಕಂಟ್ರಿ, ಫೋಕ್ ಸಾಲಿನಲ್ಲಿ. ಅಳಿಯ ಆ ಮೂಲವನ್ನು ಮೊಬೈಲಿನಲ್ಲಿ ಹಾಕಿ ಗೆಳೆಯನ ಕಿವಿಗೆ ಹಿಡಿದ. ಆ ಸಂಜೆ ಅಂಗಡಿಯಲ್ಲಿ ಸ್ವಲ್ಪ ಶಾಂತಿ ಇತ್ತು.

ಹೊಗಳಿದ್ದು ಸಾಕು. ‘ಪಾಲಿ ಕಮ್ ಹೋಮ್’ ನಿಧಾನದ ಹೆಸರಿನಲ್ಲಿ ನಿಂತೇಬಿಡುತ್ತದೆ. ಹಗಲಿನಲ್ಲಿ ಕೇಳಿದರೆ ಆಕಳಿಕೆ ಖಂಡಿತ. ‘ಫಾರ್ಚೂನ್ ಟೆಲ್ಲರ್’ನಲ್ಲಿ ಇರಬೇಕಾದ ಪೋಲಿತನವನ್ನು ಬರ್ನೆಟ್ ಇಸ್ತ್ರಿ ಮಾಡಿಟ್ಟಿದ್ದಾರೆ. ಒಟ್ಟಾರೆ ಆಲ್ಬಂಗೆ ಒಂದೇ ಬಣ್ಣ ಜಾಸ್ತಿಯಾಯಿತು, ಅದೂ ಮಾಸಲು ಬಣ್ಣ. ‘ಲೆಟ್ ಯುವರ್ ಲಾಸ್ ಬಿ ಯುವರ್ ಲೆಸನ್’ನಲ್ಲಿ ಕ್ರೌಸ್ ಕುಣಿಸುವಂತೆ ಹಾಡುತ್ತಾರೆ, ಅಂಥ ಇನ್ನೆರಡು ಹಾಡುಗಳಿದ್ದಿದ್ದರೆ ಚೆನ್ನಾಗಿತ್ತು.

ಹೆಸರಾಂತ ಹಿರಿಯರು ಬೇರೆಯವರ ಜೊತೆ ಸೇರಿ ಹಾಡುವುದು ಹೊಸದೇನಲ್ಲ. 1999ರಲ್ಲಿ ಕಾರ್ಲೋಸ್ ಸಂತಾನಾ ‘ಸೂಪರ್‌ನ್ಯಾಚುರಲ್’ ಮಾಡಿದರು. ರಾಬ್ ಥಾಮಸ್ ಹಾಡಿದ ‘ಸ್ಮೂತ್’ 12 ವಾರ ಅಮೆರಿಕದ ಪಟ್ಟಿಯ ತುದಿಯಲ್ಲಿತ್ತು. ಕೇಳಲು ಸೊಗಸಾಗಿದೆ, ಆರ್ಕೆಸ್ಟ್ರಾ ಹುಡುಗರು ಇಂದಿಗೂ ಅದನ್ನು ನುಡಿಸಿ ಕೈ ಪರೀಕ್ಷಿಸಿಕೊಳ್ಳುತ್ತಾರೆ. ಆದರೆ ಅಲ್ಲಿ ಹಾಡುವವರು ಬದಲಾಗುತ್ತಾರೆ, ಸಂತಾನಾ ಗಿಟಾರ್ ಒಂದು ಎಳೆಯಷ್ಟೂ ಬದಲಾಗುವುದಿಲ್ಲ. ಪ್ಲಾಂಟ್ ಬೇರೆಯವರ ದಾರಿಗೆ ತಾವೇ ಹೋಗುತ್ತಾರೆ. ಅದು ಅವರ ಹಳೆಯ ಚಾಳಿ. 1971ರಲ್ಲೇ ‘ದ ಬ್ಯಾಟಲ್ ಆಫ್ ಎವರ್‌ಮೋರ್’ ಹಾಡಿಗೆ ಇಂಗ್ಲಿಷ್ ಫೋಕ್ ಗಾಯಕಿ ಸ್ಯಾಂಡಿ ಡೆನ್ನಿ ಜೊತೆಯಾಗಿದ್ದರು. 1972ರಲ್ಲಿ ಪೇಜ್ ಮತ್ತು ಪ್ಲಾಂಟ್ ಬೊಂಬಾಯಿಯ ಸ್ಟುಡಿಯೋದಲ್ಲಿ ಅಲ್ಲಿನ ವಾದಕರೊಂದಿಗೆ ‘ಫ್ರೆಂಡ್ಸ್’, ‘ಫೋರ್ ಸ್ಟಿಕ್ಸ್’ ಧ್ವನಿಮುದ್ರಿಸಿದರು. ಅವು ಅಧಿಕೃತವಾಗಿ ಹೊರಬಂದದ್ದು 2015ರಲ್ಲಿ. 2003ರಲ್ಲಿ ಮಾಲಿ ದೇಶದ ಮರಳುಗಾಡಿನ ಸಂಗೀತೋತ್ಸವಕ್ಕೂ ಹೋಗಿ ಬಂದರು. ಇಂಥವರು ಕ್ರೌಸ್ ಪಕ್ಕ ನಿಂತಾಗ ‘ದಾರಿ ತಪ್ಪಿದರು’ ಎಂದು ಗೋಳಾಡುವುದರಲ್ಲಿ ಅರ್ಥವಿಲ್ಲ.

ಕೊಳ್ಳುವವರಿಗೆ ಒಂದೆರಡು ಮಾತು. ನಾನು ಸಿ.ಡಿ. ತರಿಸಿಕೊಂಡೆ. ಡಬ್ಬಿಯ ಮೂಲೆ ಒಡೆದು ಬಂತು, ಮಾರಿದವರು ಬದಲಿ ಕೊಡಲಿಲ್ಲ; ಬಿಲ್ಲೆಗೆ ಏನೂ ಆಗಿರಲಿಲ್ಲ. ಮೊಬೈಲಿನ ಆ್ಯಪ್‌ನಲ್ಲಿ ಕೇಳುವವರು ಫೋನಿನ ಸ್ಪೀಕರ್ ಮಾತ್ರ ನಂಬಬೇಡಿ. ಕ್ರೌಚ್ ಅವರ ಬಾಸ್ ಅದರಲ್ಲಿ ಮಾಯವಾಗುತ್ತದೆ. ಬಾಸ್ ಹೋದರೆ ಈ ಆಲ್ಬಂನ ಅರ್ಧ ಹೋದಂತೆ. ಸಾಧಾರಣ ಹೆಡ್‌ಫೋನ್ ಆದರೂ ನಡೆಯುತ್ತದೆ. ಈಕ್ವಲೈಝರ್ ಮುಟ್ಟಬೇಡಿ. ಬಾಸ್ ಏರಿಸುವ ಗುಂಡಿಯನ್ನಂತೂ ಮುಟ್ಟಲೇಬೇಡಿ, ಡ್ರಮ್‌ನ ತೊಗಲು ಗೋಣಿಚೀಲವಾಗಿಬಿಡುತ್ತದೆ.

14 ವರ್ಷ ಬಿಟ್ಟು, 2021ರ ನವೆಂಬರ್‌ನಲ್ಲಿ ಇದೇ ಮೂವರು ‘ರೇಝ್ ದ ರೂಫ್’ ತಂದರು. ಬರ್ಟ್ ಜಾನ್ಷ್, ಆ್ಯನ್ ಬ್ರಿಗ್ಸ್ ಅವರ ಬ್ರಿಟಿಷ್ ಫೋಕ್ ಹಾಡುಗಳು ಅದರಲ್ಲಿ ಸೇರಿಕೊಂಡಿವೆ, ಮರ್ಲ್ ಹ್ಯಾಗರ್ಡ್ ಅವರ ಅಪ್ಪಟ ಕಂಟ್ರಿಯೂ ಇದೆ. ಕೈ ಪಳಗಿದೆ, ಧ್ವನಿಮುದ್ರಣ ಇನ್ನೂ ನಿಚ್ಚಳ. ಆದರೆ ಮೊದಲನೆಯದರಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಅಳೆಯುತ್ತ ಹಾಡಿದ ಎಚ್ಚರ ಇದರಲ್ಲಿ ಸಡಿಲಾಗಿದೆ. ಒಂದನ್ನೇ ಕೊಳ್ಳುವುದಾದರೆ 2007ರದನ್ನೇ ಕೊಳ್ಳಿ. ಎರಡನೆಯದರಲ್ಲಿ ಮೊದಲ ಹಾಡು ‘ಕ್ವಾಟ್ರೊ’ ಒಂದನ್ನು ಆ್ಯಪ್‌ನಲ್ಲಿ ಕೇಳಿ. ಅದು ಹಿಡಿಸಿದರೆ ಉಳಿದ 11 ಹಾಡುಗಳ ಬಗ್ಗೆ ಆಮೇಲೆ ಯೋಚಿಸಿದರಾಯಿತು.