ಬಿಸಿನೀರಿನ ಪೈಪಿನಲ್ಲಿ ನಾನು ಮೋಸಹೋದ ಬಗೆ

ಉಡುಪಿ ಆಸುಪಾಸಿನಲ್ಲಿ ಸ್ವಂತ ಮನೆ ಕಟ್ಟಿಸುತ್ತಿರುವವರು, ಅದರಲ್ಲೂ ಪ್ಲಂಬಿಂಗ್ ಕೆಲಸವನ್ನು ಸಾಮಾನು ಸಹಿತ ಒಬ್ಬರಿಗೇ ಗುತ್ತಿಗೆ ಕೊಟ್ಟವರು, ಟೈಲ್ಸ್ ಹಾಕಿಸುವ ಮೊದಲು ದಯವಿಟ್ಟು ಇದನ್ನು ಓದಬೇಕು. ಮೂವತ್ತು ವರ್ಷ ಬ್ಯಾಂಕಿನಲ್ಲಿ ಕುಳಿತು ಬೇರೆಯವರ ಬಿಲ್ಲುಗಳಲ್ಲಿ ತಪ್ಪು ಹುಡುಕಿದ ನಾನು ನನ್ನದೇ ಮನೆಯ ಗೋಡೆಯೊಳಗೆ ಏನು ಹೋಯಿತು ಎಂಬುದನ್ನು ನೋಡಲಿಲ್ಲ. ಬರೆಯಲು ನಾಚಿಕೆಯಾಗುತ್ತದೆ.

ಗುತ್ತಿಗೆ ಹಿಡಿದ ಪ್ಲಂಬರರೊಂದಿಗೆ ಆದ ಮಾತು ಸ್ಪಷ್ಟವಾಗಿತ್ತು. ಸೋಲಾರಿನಿಂದ ಬಚ್ಚಲುಮನೆಗೆ ಬರುವ ಲೈನು ಪೂರ್ತಿ ಸಿಪಿವಿಸಿ, ತಣ್ಣೀರಿನದ್ದು ಯುಪಿವಿಸಿ; ಎರಡೂ ಪ್ಲಾಸ್ಟಿಕ್ ಪೈಪುಗಳೇ, ಆದರೆ ಬಿಸಿ ತಾಳುವುದರಲ್ಲಿ ವ್ಯತ್ಯಾಸ. ಸಿಪಿವಿಸಿ ಸುಮಾರು 93 ಡಿಗ್ರಿ ಸೆಲ್ಸಿಯಸ್ ಬಿಸಿಯವರೆಗೆ ತಾಳುತ್ತದೆ. ಯುಪಿವಿಸಿ 60 ಡಿಗ್ರಿ ಸಮೀಪಿಸುವಾಗಲೇ ಬಲ ಕಳೆದುಕೊಳ್ಳುತ್ತದೆ, ನಮ್ಮ ಬೇಸಗೆಯ ಸೋಲಾರ್ ನೀರು ಅದನ್ನು ಸಲೀಸಾಗಿ ದಾಟುತ್ತದೆ. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಮೋಸಹೋದೆ.

ಕೆಂಪು ಕಲ್ಲಿನ ಗೋಡೆ ಕೊರೆದು ಪೈಪು ಕೂರಿಸಿದ ದಿನ ಒತ್ತಡದ ಪರೀಕ್ಷೆಯ ಬಗ್ಗೆ, ಅಂದರೆ ಪಂಪಿನಿಂದ ನೀರು ಒತ್ತಿ ಸೋರಿಕೆ ನೋಡುವುದರ ಬಗ್ಗೆ ಕೇಳಿದೆ. "ಪಂಪು ಬೇರೆ ಸೈಟಿನಲ್ಲಿ ಉಂಟು ಸರ್, ನಾಡಿದ್ದು ಮಾಡುವ" ಎಂದರು. ಮರುದಿನ ನಾನು ಹೋಗುವಷ್ಟರಲ್ಲಿ ಗಾರೆ ಮುಚ್ಚಿ ಆಗಿತ್ತು. ಆ ನಾಡಿದ್ದು ಬರಲೇ ಇಲ್ಲ.

ಮೇ ತಿಂಗಳಲ್ಲಿ ಬಚ್ಚಲುಮನೆಯ ಹಿಂಬದಿಯ ಗೋಡೆ ಒದ್ದೆಯಾಗತೊಡಗಿದಾಗ ಕಡಲ ಗಾಳಿಯ ತೇವ ಎಂದುಕೊಂಡೆ. ಜೂನ್ ಬಂದ ಮೇಲೆ ಮಳೆಯನ್ನು ದೂರಿದೆ. ಕೊನೆಗೆ ಇನ್ನೊಬ್ಬರನ್ನು ಕರೆಸಿ ಟೈಲ್ಸ್ ಒಡೆಸಿದಾಗ ಕಂಡದ್ದನ್ನು ಈಗಲೂ ಮರೆಯಲಾಗುತ್ತಿಲ್ಲ: ನಲ್ಲಿಯ ಬಾಯಿಯ ಹತ್ತಿರ, ಸೋಲಾರ್ ಟ್ಯಾಂಕಿನ ಹತ್ತಿರ, ಅಂದರೆ ನನ್ನ ಕಣ್ಣಿಗೆ ಬೀಳುವ ಎರಡು ತುದಿಗಳಲ್ಲಿ ಮಾತ್ರ ತಿಳಿ ಹಳದಿಯ ಸಿಪಿವಿಸಿ, ನಡುವೆ ಗೋಡೆಯೊಳಗೆ ಪೂರ್ತಿ ಬಿಳಿಯ ಯುಪಿವಿಸಿ, ಪೈಪು ತಿರುಗುವ ಎಲ್ಬೋದ ಬಳಿ ಸೊಟ್ಟಗಾಗಿ ಬಿರುಕು ಬಿಟ್ಟಿತ್ತು. ಎರಡು ತುದಿಗಳಲ್ಲಿ ಮಾತ್ರ! ಇದನ್ನು ಮರೆವು ಎನ್ನಲು ಸಾಧ್ಯವೇ?

ಆ ಮೊದಲ ಪ್ಲಂಬರರಿಗೆ ಫೋನು ಮಾಡಿದೆ. ಮೊದಲ ಉತ್ತರ, "ಎಲ್ಲ ಪೈಪೇ ಅಲ್ವಾ ಸರ್, ಎಂತ ಆಗುದಿಲ್ಲ." ಆಗಿದೆ ಎಂದಾಗ, "ನಿಮ್ಮ ಸೋಲಾರಿನ ನೀರು ಜಾಸ್ತಿ ಬಿಸಿ." ಬಿಸಿನೀರಿನ ಲೈನಿಗೆ ಬಿಸಿನೀರು ಬಂದದ್ದು ನನ್ನ ಅಪರಾಧ! ಮೂರನೆಯ ಉತ್ತರ ಮಾತ್ರ ನೇರವಾಗಿ ತಾಗಿತು: "ನೀವು ದಿನಾ ಸೈಟಿಗೆ ಬರ್ತಾ ಇದ್ರಲ್ಲ, ಆಗ ಯಾಕೆ ಹೇಳ್ಲಿಲ್ಲ?" ಹೌದು, ದಿನವೂ ಹೋಗುತ್ತಿದ್ದೆ. ಅವರಿಗೆ ಚಹಾ ಕೊಂಡುಹೋಗುತ್ತಿದ್ದೆ.

ಬಚ್ಚಲುಮನೆಗೆ ಪ್ರತ್ಯೇಕ ವಾಲ್ವ್ ಕೂಡ ಇಟ್ಟಿರಲಿಲ್ಲವಾದ್ದರಿಂದ ದುರಸ್ತಿ ಮುಗಿಯುವ ತನಕ ಇಡೀ ಮನೆಯ ನೀರು ಬಂದ್. ನಾಲ್ಕು ದಿನ ಬಾವಿಯಿಂದ ಕೊಡಪಾನದಲ್ಲಿ ನೀರು ಸೇದಿದೆವು.  

ಪೈಪನ್ನು ನೀವೇ ಅಂಗಡಿಯಿಂದ ತನ್ನಿ. ಸಿಪಿವಿಸಿ ಪೈಪಿನ ಮೈಮೇಲೆ ಐಎಸ್ 15778 ಎಂಬ ಭಾರತೀಯ ಮಾನಕದ ಸಂಖ್ಯೆ ಅಚ್ಚಾಗಿರುತ್ತದೆ, ಅದನ್ನು ಗೋಡೆಯೊಳಗಿನ ಭಾಗದಲ್ಲೇ ಓದಿ, ಫೋಟೊ ತೆಗೆದಿಡಿ. ಒತ್ತಡದ ಪರೀಕ್ಷೆ ಆಗದೆ ಗಾರೆ ಮುಚ್ಚಲು ಬಿಡಬೇಡಿ, ಟೈಲ್ಸಿನವರು ಕಾದರೆ ಕಾಯಲಿ.

ಕಳೆದ ವಾರ ನಮ್ಮ ರಸ್ತೆಯ ಕೊನೆಯ ಸೈಟಿನಲ್ಲಿ ಆ ಪ್ಲಂಬರರ ಬೈಕು ನಿಂತಿತ್ತು. ಆ ಮನೆಯವರಿಗೆ ಎಲ್ಲ ಹೇಳಿ ಬಂದಿದ್ದೇನೆ. ಅಲ್ಲಿ ಟೈಲ್ಸ್ ಇನ್ನೂ ಬಿದ್ದಿಲ್ಲ.