ಮೊದಲ ಚುನಾವಣೆ: ಗ್ರಾಮ ಪಂಚಾಯಿತಿಯೋ, ವಿಧಾನಸಭೆಯೋ?

ಚುನಾವಣೆಗೆ ನಿಲ್ಲಬೇಕು ಅಂತ ಯೋಚಿಸುತ್ತಿರುವ ಅಕ್ಕತಂಗಿಯರೇ, ಮೊದಲ ಹೆಜ್ಜೆ ಎಲ್ಲಿಡುವುದು?

ಪಂಚಾಯಿತಿಗೆ 21 ವರ್ಷ ಆದರೆ ಸಾಕು, ವಿಧಾನಸಭೆಗೆ 25 ಆಗಬೇಕು. ಪಂಚಾಯಿತಿಯಲ್ಲಿ ಅರ್ಧದಷ್ಟು ಸೀಟು ಹೆಂಗಸರಿಗೇ ಮೀಸಲು. ಪಕ್ಷದ ಚಿಹ್ನೆ ಇಲ್ಲ, ಹಾಗಾಗಿ ಟಿಕೆಟ್‌ಗೆ ಯಾರ ಮನೆ ಬಾಗಿಲೂ ಕಾಯಬೇಕಿಲ್ಲ. ಸುಮಾರು 400 ಜನರಿಗೆ ಒಬ್ಬ ಸದಸ್ಯರು. ಅಂದರೆ ಮನೆಮನೆಗೆ ನೀವೇ ನಡೆದು ಹೋಗಿ ಮತ ಕೇಳಬಹುದು.

ವಿಧಾನಸಭೆಯ ಮಾತೇ ಬೇರೆ. ಠೇವಣಿಯೇ 10,000 ರೂಪಾಯಿ, ಪರಿಶಿಷ್ಟರಿಗೆ ಅದರರ್ಧ. ಖರ್ಚಿನ ಮಿತಿ 40 ಲಕ್ಷ! 2023ರಲ್ಲಿ 224 ಸೀಟುಗಳಲ್ಲಿ ಗೆದ್ದ ಮಹಿಳೆಯರು ಬರೀ 10. ಹೆಂಗಸರಲ್ಲಿ ಸಾಮರ್ಥ್ಯ ಇಲ್ಲ ಅಂತಲ್ಲ, ಪಕ್ಷಗಳು ಟಿಕೆಟ್ ಕೊಡುವುದೇ ಕಡಿಮೆ, ಅಲ್ವಾ? ಆದರೆ ಕಾನೂನು ಮಾಡುವ ಜಾಗ ಅದೇ.

ನನ್ನ ಕೇಳಿದರೆ, ಹಣ, ಪಕ್ಷದ ಬೆಂಬಲ ಇಲ್ಲದವರು ಪಂಚಾಯಿತಿಯಿಂದಲೇ ಶುರು ಮಾಡಿ. ಕುಡಿಯುವ ನೀರು, ಬೀದಿ ದೀಪ, ಗ್ರಾಮೀಣ ಉದ್ಯೋಗ ಯೋಜನೆಯ ಕೂಲಿ ಎಲ್ಲ ಅಲ್ಲೇ ಚರ್ಚೆಗೆ ಬರುತ್ತದೆ. ಒಂದು ಎಚ್ಚರ: ಗೆದ್ದ ಮೇಲೆ ಗಂಡನನ್ನೋ ಮಗನನ್ನೋ ನಿಮ್ಮ ಕುರ್ಚಿಯಲ್ಲಿ ಕೂರಲು ಬಿಡಬೇಡಿ. ಸಭೆಯ ನಡಾವಳಿ ಪುಸ್ತಕವನ್ನು ನೀವೇ ಓದಿ, ಆಮೇಲೆ ಸಹಿ ಹಾಕಿ.

ವರ್ಷಗಳಿಂದ ಪಕ್ಷದಲ್ಲಿ ದುಡಿದವರು ಮಾತ್ರ ಸುಮ್ನೆ ಕಾಯಬೇಡಿ, ವಿಧಾನಸಭೆ ಟಿಕೆಟ್ಟನ್ನು ಈಗಲೇ ಕೇಳಿ.